ಕೆನಡಾದ ಒಂಟಾರಿಯೊದ ಫ್ರೆಂಚ್ ಹೈಸ್ಕೂಲ್: ಅರ್ಜಿ ಹಾಕುವ ಮುನ್ನ

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು 9ನೇ ತರಗತಿಗೆ ಫ್ರೆಂಚ್ ಸರ್ಕಾರಿ ಹೈಸ್ಕೂಲಿಗೆ ಸೇರಿಸಬೇಕು ಅಂದುಕೊಂಡವರು ದಯವಿಟ್ಟು ಗಮನಿಸಿ.

ಇದು ಫ್ರೆಂಚ್ ಇಮ್ಮರ್ಶನ್ ಅಲ್ಲ. ಇಮ್ಮರ್ಶನ್, ಅಂದರೆ ಕೆಲವು ವಿಷಯಗಳನ್ನು ಫ್ರೆಂಚಿನಲ್ಲಿ ಕಲಿಸುವುದು, ನಡೆಯುವುದು ಇಂಗ್ಲಿಷ್ ಬೋರ್ಡಿನ (ಶಾಲೆಗಳನ್ನು ನಡೆಸುವ ಮಂಡಳಿಯ) ಶಾಲೆಗಳಲ್ಲಿ. ಇಲ್ಲಿ ಬೋರ್ಡೇ ಬೇರೆ. ಗಣಿತ, ವಿಜ್ಞಾನ, ಆಫೀಸಿನ ಮಾತು ಎಲ್ಲವೂ ಫ್ರೆಂಚ್.

ಕೆನಡಾ ಸಂವಿಧಾನದ ಭಾಗವಾದ 1982ರ ಹಕ್ಕುಗಳ ಸನ್ನದಿನ 23ನೇ ವಿಧಿಯಲ್ಲಿ ಸೀಟು ಹಕ್ಕಾಗಿ ಸಿಗುವುದು ಕೆನಡಾ ಪ್ರಜೆಗಳಿಗೆ. ಪ್ರಜೆಯಾದ ಅಪ್ಪ ಅಥವಾ ಅಮ್ಮನ ಮೊದಲ ಭಾಷೆ ಫ್ರೆಂಚ್ ಆಗಿರಬೇಕು, ಇಲ್ಲವೇ ಅವರ ಪ್ರಾಥಮಿಕ ಶಿಕ್ಷಣ ಕೆನಡಾದಲ್ಲಿ ಫ್ರೆಂಚಿನಲ್ಲಿ ಆಗಿರಬೇಕು, ಇಲ್ಲವೇ ಅವರ ಇನ್ನೊಂದು ಮಗು ಕೆನಡಾದಲ್ಲಿ ಫ್ರೆಂಚ್ ಶಾಲೆಯಲ್ಲಿ ಓದಿರಬೇಕು. ನಮ್ಮ ಹೆಚ್ಚಿನ ಮನೆಗಳಿಗೆ ಇದು ಅನ್ವಯಿಸದು, ಪ್ರವೇಶ ಸಮಿತಿಯ ಮೂಲಕವೇ ಹೋಗಬೇಕು. ಹಳೆಯ ಅಂಕಪಟ್ಟಿ ಜೊತೆಗಿರಲಿ. ಮನೆಯಲ್ಲಿ ಫ್ರೆಂಚ್ ಎಷ್ಟಿದೆ ಎಂಬುದನ್ನು ಇದ್ದ ಹಾಗೇ ಹೇಳಿ.

ಮಕ್ಕಳು ಎಡವುವುದು ಹೆಚ್ಚಾಗಿ ಗಣಿತದಲ್ಲೇ: ಲೆಕ್ಕ ಬರುತ್ತದೆ, ಪ್ರಶ್ನೆಯ ವಾಕ್ಯ ಅರ್ಥವಾಗುವುದಿಲ್ಲ. ಅದಕ್ಕೇ ಎಎಲ್‌ಎಫ್ ಎಂಬ ಭಾಷಾ ಬೆಂಬಲದ ತರಗತಿ ಇದೆಯೇ ಎಂದು ಸೇರುವಾಗಲೇ ಕೇಳಿ, ತಡಮಾಡಬೇಡಿ.

ಡಿಪ್ಲೊಮಾ ಇಂಗ್ಲಿಷ್ ಶಾಲೆಯಲ್ಲಿ ಸಿಗುವಂಥದ್ದೇ: 30 ಕ್ರೆಡಿಟ್ (ಕೋರ್ಸ್ ಪಾಸಾದರೆ ಸಿಗುವಂಥದ್ದು), 40 ಗಂಟೆ ಸಮುದಾಯ ಸೇವೆ. ಸಾಕ್ಷರತಾ ಪರೀಕ್ಷೆಯೂ ಫ್ರೆಂಚಿನಲ್ಲೇ. ಇಂಥ ಶಾಲೆಗಳು ವಿರಳ, ಪ್ರಯಾಣ ದೂರ. ಬಸ್ ನಿಮ್ಮ ಬೀದಿಗೆ ಬರುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.