ಸಂಸದರೇ, ನಮ್ಗೊಂದು ಬೋಟು ಕೊಡ್ಸಿ

ನಮಸ್ಕಾರ ಸರ್. ನಾನು ಮಲ್ಪೆ ಕಡೆಯವಳು, ಕಡಲಿನ ನೀರಿನ ಮೇಲೆ ಪಿಎಚ್‌ಡಿ ಮಾಡ್ತಾ ಇದ್ದೇನೆ. ಅಪ್ಪನೂ ಬೋಟಿಗೆ, ಮಗಳೂ ಬೋಟಿಗೆ ಅಂತ ಮನೆಯಲ್ಲಿ ತಮಾಷೆ ಮಾಡ್ತಾರೆ, ಆದ್ರೆ ವಿಷ್ಯ ಏನಂದ್ರೆ ಸ್ಯಾಂಪಲ್ ತೆಗಿಲಿಕ್ಕೆ ನಮ್ಗೆ ಅಂತ ಒಂದು ಬೋಟಿಲ್ಲ, ಮಾವನ ಟ್ರಾಲ್ ಬೋಟಲ್ಲಿ ಬಲೆ ರಾಶಿ ಪಕ್ಕ ಕೂತ್ಕೊಂಡೇ ಹೋಗ್ಬೇಕು.

ನೀರಲ್ಲಿ ಆಕ್ಸಿಜನ್ ಎಷ್ಟುಂಟು ನೋಡ್ಲಿಕ್ಕೆ ಗಾಜಿನ ಬಾಟ್ಲಿಗೆ ನೀರು ತುಂಬಿಸ್ಬೇಕು, ಒಳಗೆ ಒಂದೇ ಒಂದು ಗುಳ್ಳೆ ಇರ್ಬಾರ್ದು, ನಿಂತಲ್ಲೇ ಎರಡು ಕೆಮಿಕಲ್ ಹಾಕ್ಬೇಕು, ಆಕ್ಸಿಜನ್ ಇದ್ರೆ ಕಂದು ಗಷ್ಟು ಕೂರ್ತದೆ, ಇಲ್ದಿದ್ರೆ ಬಿಳಿ. ಇದಿಷ್ಟೂ ಓಲಾಡುವ ಬೋಟಲ್ಲಿ, ಒಂದು ಕೈಲಿ ಹಗ್ಗ ಹಿಡ್ಕೊಂಡು. ಬೋಟು ನಡೆಸುವ ತಂಡೇಲರು ಒಳ್ಳೆ ಜನ, ಆದ್ರೂ "ಬೇಗ ಮುಗಿಸು ಮಾರಾಯ್ತಿ, ಡೀಸೆಲ್ ಉರೀತಾ ಉಂಟು" ಅಂತಾರೆ. ಅವ್ರದ್ದೇನೂ ತಪ್ಪಿಲ್ಲ, ಹೊಟ್ಟೆಪಾಡು.

ಅದನ್ನೂ ಹೇಗಾದ್ರೂ ಸುಧಾರಿಸ್ಬಹುದು. ಆದ್ರೆ ಜೂನ್ 1ರಿಂದ ಜುಲೈ 31, ಅಂದ್ರೆ 61 ದಿನ ಮೀನುಗಾರಿಕೆಗೆ ರಜೆ, ಯಾಂತ್ರಿಕ ಬೋಟೆಲ್ಲ ಬಂದರಲ್ಲೇ, ಜೊತೆಗೆ ನಾವೂ ದಡದಲ್ಲೇ. ನಮ್ಗೆ ಬೇಕಾದ್ದು ಸರಿಯಾಗಿ ಅದೇ ಸಮಯದ ನೀರು! ಮಳೆಗಾಲದ ಗಾಳಿಗೆ ಮೇಲಿನ ನೀರು ಹೊರಗೆ ಸರೀತದೆ, ಅಡಿಯಿಂದ ತಣ್ಣಗಿನ ನೀರು ಮೇಲೆ ಬರ್ತದೆ, ಅದ್ರಲ್ಲಿ ಪೋಷಕಾಂಶ ಜಾಸ್ತಿ ಆಕ್ಸಿಜನ್ ಕಮ್ಮಿ, ಅದ್ರಿಂದ ಬೆಳೆಯೋ ಸೂಕ್ಷ್ಮ ಪಾಚಿ ತಿಂದೇ ಬೂತಾಯಿ ಮೀನು ಕೊಬ್ಬೋದು. ಒಂದು ವರ್ಷ ಬೂತಾಯಿ ರಾಶಿ, ಇನ್ನೊಂದು ವರ್ಷ ಕಾಣ್ಲಿಕ್ಕೇ ಇಲ್ಲ, ಯಾಕೆ ಅಂತ ಬಂದರಲ್ಲಿ ಎಲ್ರೂ ಕೇಳ್ತಾರೆ, ನನ್ನ ನೋಟ್‌ಬುಕ್ಕಲ್ಲಿ ಮಾತ್ರ ಆ ಎರಡು ತಿಂಗಳ ಪುಟ ಖಾಲಿ.

ಹೊಸ ಯೂನಿವರ್ಸಿಟಿ, ಹೊಸ ಬಿಲ್ಡಿಂಗ್ ಬೇಡ ಸರ್, ದಯವಿಟ್ಟು. ದೇಶದ ಮೊದಲ ಫಿಶರೀಸ್ ಕಾಲೇಜು 1969ರಲ್ಲಿ ಮಂಗಳೂರಲ್ಲೇ ಶುರುವಾದದ್ದು. ಕೊಣಾಜೆಯ ಮಂಗಳೂರು ಯೂನಿವರ್ಸಿಟಿಯಲ್ಲಿ ಮರೈನ್ ಜಿಯಾಲಜಿ ಉಂಟು, ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಓಶನ್ ಇಂಜಿನಿಯರಿಂಗ್, ಕಡಲ ಮೀನಿನ ಸಂಶೋಧನೆ ಮಾಡುವ ಸಿಎಂಎಫ್‌ಆರ್‌ಐ ಸೆಂಟರ್ ಬೇರೆ. ಇಷ್ಟೂ ಕಡೆಯ ಪಿಜಿ, ಪಿಎಚ್‌ಡಿ ಮಕ್ಕಳು ಬುಕ್ ಮಾಡಿ ಹೋಗುವ ಹಾಗೆ ಮಳೆಗಾಲದ ಕಡಲು ತಡ್ಕೊಳ್ಳುವ ಒಂದು ರಿಸರ್ಚ್ ಬೋಟು ಸಾಕು. ಗೋವಾದ ಕಡಲ ಸಂಶೋಧನಾ ಸಂಸ್ಥೆ ಎನ್‌ಐಒ ಹತ್ರ ಸಿಂಧು ಸಾಧನ ಅಂತ ಹಡಗೇ ಉಂಟು, ನಾವು ಅಷ್ಟೆಲ್ಲ ಕೇಳ್ತಿಲ್ಲ. ನನ್ನ ಜೊತೆ ಎಂಎಸ್ಸಿ ಓದಿದವರು ಒಬ್ಬೊಬ್ರೇ ಗೋವಾ, ಕೊಚ್ಚಿ ಅಂತ ಹೋಗಿ ಆಯ್ತು.

ಇನ್ನೊಂದು, ಜೆಆರ್‌ಎಫ್ ಅನ್ನೋ ಸರ್ಕಾರಿ ಫೆಲೋಶಿಪ್ ಸಿಕ್ಕಿದವರಿಗೆ ತಿಂಗಳಿಗೆ 37,000 ರೂಪಾಯಿ ಬರ್ತದೆ, ಸಿಗದವರು ಟ್ಯೂಷನ್ ಹೇಳ್ಕೊಂಡು ಬಾಟ್ಲಿ ಖರೀದಿ ಮಾಡೋದು. ಅವ್ರಿಗೂ ಏನಾದ್ರೂ ಮಾಡಿ.

ಮೇ 31ರ ಒಳಗೆ ಒಮ್ಮೆ ಮಲ್ಪೆ ಬಂದರಿಗೆ ಬನ್ನಿ, ಫೋಟೋಗಲ್ಲ, ಬೋಟಿಗೆ. ಬೆಳಗ್ಗೆ ನಾಲ್ಕಕ್ಕೆ ಹೊರಡೋದು. ವಾಂತಿ ಮಾತ್ರೆ ನಾನೇ ತರ್ತೇನೆ.

ಇಂತಿ,
ಮಲ್ಪೆಯ ಒಬ್ಬಳು ರಿಸರ್ಚ್ ಸ್ಟೂಡೆಂಟ್