ಕೋಚ್ ಆಗೋದು ಸೋಲಲ್ಲ, ಪುಟ್ಟು

ಚಿರಂಜೀವಿ ಪುಟ್ಟುವಿಗೆ ಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅತ್ತೆಯ ಮೊಣಕಾಲು ನೋವು ಸ್ವಲ್ಪ ಇಳಿದಿದೆ. ಮೊನ್ನೆ ನಿಮ್ಮಮ್ಮ ಫೋನ್ ಮಾಡಿ ಎಲ್ಲ ಹೇಳಿದಳು. ಫುಟ್‌ಬಾಲ್ ಕ್ಲಬ್ಬಿನವರು ಈ ಸಲ ನಿನ್ನನ್ನು ತಂಡಕ್ಕೆ ತೆಗೆದುಕೊಳ್ಳಲಿಲ್ಲವಂತೆ. ಹದಿಮೂರು ವರ್ಷದೊಳಗಿನ ಹುಡುಗರಿಗೆ ಕೋಚ್ ಆಗ್ತೀಯಾ ಅಂತ ಕೇಳಿದರಂತೆ. ಅವತ್ತಿನಿಂದ ನೀನು ಮನೆಯಲ್ಲಿ ಸರಿಯಾಗಿ ಮಾತೇ ಆಡಿಲ್ಲವಂತೆ. ನಾನು ಫೋನ್ ಮಾಡಿದರೆ "ಹೂಂ, ಸರಿ ಮಾವ" ಅಂತ ಇಟ್ಟುಬಿಡ್ತೀಯ. ಅದಕ್ಕೇ ಕಾಗದ ಬರೆಯಲು ಕೂತೆ. ಕಾಗದವನ್ನಾದರೆ ಇಷ್ಟ ಬಂದಾಗ ಓದಬಹುದು, ಅಲ್ವಾ.

ನಿನ್ನ ರೂಮಿನ ಗೋಡೆಯ ಮೇಲೆ ಜರ್ಮನಿಯ ಫುಟ್‌ಬಾಲ್ ಕೋಚ್ ಯೂರ್ಗನ್ ಕ್ಲಾಪ್ ಚಿತ್ರ ಇದೆ. ಕಪ್ ಹಿಡಿದು ನಗುತ್ತಿರುವ ಚಿತ್ರ. ಆ ಕ್ಲಾಪ್ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳಬೇಕು ಅಂದುಕೊಂಡಿರುವುದು ಅದಕ್ಕಿಂತ ಹಿಂದಿನ ಕ್ಲಾಪ್ ಬಗ್ಗೆ. ಆತ ಆಟಗಾರನಾಗಿದ್ದ ಕಾಲದ ಬಗ್ಗೆ.

1967ರಲ್ಲಿ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನಲ್ಲಿ, ಬೆಳೆದದ್ದು ಜರ್ಮನಿಯ ಕಪ್ಪುಕಾಡು ಸೀಮೆಯ ಗ್ಲಾಟನ್ ಅನ್ನೋ ಚಿಕ್ಕ ಊರಿನಲ್ಲಿ. ಇಪ್ಪತ್ತರ ಆಸುಪಾಸಿನಲ್ಲೇ ಅಪ್ಪನಾದ. ಹಗಲು ಫ್ರಾಂಕ್‌ಫರ್ಟ್ ಯೂನಿವರ್ಸಿಟಿಯಲ್ಲಿ ಕ್ರೀಡಾ ವಿಜ್ಞಾನ ಓದುತ್ತಿದ್ದ, ಹೊತ್ತು ಸಿಕ್ಕಾಗ ಸಿನಿಮಾ ರೀಲಿನ ಡಬ್ಬಗಳ ಗೋದಾಮಿನಲ್ಲಿ ದುಡಿಯುತ್ತಿದ್ದ, ಉಳಿದ ಹೊತ್ತಿನಲ್ಲಿ ಫುಟ್‌ಬಾಲ್. ಫ್ರಾಂಕ್‌ಫರ್ಟ್‌ನ ದೊಡ್ಡ ಕ್ಲಬ್ಬಿನಲ್ಲಿ ತನ್ನದೇ ವಯಸ್ಸಿನ ಆಂಡ್ರಿಯಾಸ್ ಮೋಲರ್ ಆಡುವುದನ್ನು ನೋಡಿದಾಗ ಆತನಿಗೆ ಒಂದು ವಿಷಯ ಖಚಿತವಾಯಿತು. ಇದು ಫುಟ್‌ಬಾಲ್ ಆದರೆ ತಾನು ಆಡುತ್ತಿರುವುದು ಬೇರೆ ಯಾವುದೋ ಆಟ ಅನ್ನಿಸಿತಂತೆ. ಆ ಕ್ಷಣ ಎಷ್ಟು ಕಷ್ಟದ್ದು ಅಂತ ನಿನಗೆ ಈ ವಾರ ಗೊತ್ತಾಗಿದೆ ಪುಟ್ಟು. ಆದರೆ ಆತ ಅಲ್ಲಿಗೆ ಆಟ ಬಿಡಲಿಲ್ಲ.

1990ರಲ್ಲಿ ಮೈಂಜ್ ಅನ್ನೋ ಊರಿನ ಕ್ಲಬ್ ಸೇರಿದ. ಎರಡನೇ ಡಿವಿಷನ್ನಿನ ಬಡ ಕ್ಲಬ್. ಮುಂದಿನ ವರ್ಷ ಎರ್‌ಫರ್ಟ್ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದ. ಅಂಥ ದಿನ ಮತ್ತೆ ಬರಲಿಲ್ಲ. ಆಮೇಲೆ ಫಾರ್ವರ್ಡ್ ಜಾಗ ಬಿಟ್ಟು ಹಿಂದೆ ಬಂದು ಡಿಫೆಂಡರ್ ಆದ. ಹನ್ನೊಂದು ವರ್ಷ ಅದೇ ಕ್ಲಬ್, 325 ಲೀಗ್ ಪಂದ್ಯ, 52 ಗೋಲು. ಒಂದನೇ ಡಿವಿಷನ್ನಿನಲ್ಲಿ ಆಟಗಾರನಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ತನ್ನ ಬಗ್ಗೆ ಆತನೇ ಹೇಳಿಕೊಂಡದ್ದು ಹೀಗೆ: ಕಾಲು ನಾಲ್ಕನೇ ಡಿವಿಷನ್ನಿನದು, ತಲೆ ಒಂದನೇ ಡಿವಿಷನ್ನಿನದು, ಹಾಗಾಗಿ ಎರಡನೇ ಡಿವಿಷನ್ನಿನಲ್ಲಿ ಆಡಿದೆ. ಇದನ್ನು ಹೇಳಿ ಜನ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಇಪ್ಪತ್ತೆಂಟು ವರ್ಷ ಪಿಟಿ ಮೇಷ್ಟ್ರಾಗಿ ಎಷ್ಟೋ ಹುಡುಗರನ್ನು ನೋಡಿದ್ದೇನೆ. ತನ್ನ ಕಾಲಿನ ಅಳತೆ ಇಷ್ಟು ಸರಿಯಾಗಿ ಗೊತ್ತಿದ್ದ ಹುಡುಗ ಸಿಕ್ಕಿದ್ದು ಒಬ್ಬನೋ ಇಬ್ಬನೋ.

ಆ ತಲೆಯನ್ನು ಬೆಳೆಸಿದ್ದು ವೋಲ್ಫ್‌ಗಾಂಗ್ ಫ್ರಾಂಕ್ ಅನ್ನೋ ಕೋಚ್. 1995ರಲ್ಲಿ ಮೈಂಜ್‌ಗೆ ಬಂದಾಗ ತಂಡ ಪಟ್ಟಿಯ ತಳದಲ್ಲಿತ್ತು. ಆಗ ಜರ್ಮನಿಯಲ್ಲಿ ಎಲ್ಲರೂ ಹಿಂದೆ ಒಬ್ಬ ಲಿಬೆರೊನನ್ನು, ಅಂದರೆ ಎಲ್ಲರಿಗಿಂತ ಹಿಂದೆ ಸ್ವತಂತ್ರವಾಗಿ ನಿಂತು ಕಾಯುವ ಡಿಫೆಂಡರನ್ನು ಇಟ್ಟುಕೊಂಡು, ಉಳಿದವರು ಎದುರಾಳಿಗಳ ಬೆನ್ನಿಗೆ ಬಿದ್ದು ಆಡುತ್ತಿದ್ದರು. ಫ್ರಾಂಕ್ ಅದನ್ನು ತೆಗೆದುಹಾಕಿದರು. ಹಿಂದೆ ನಾಲ್ವರು ಒಂದೇ ಸಾಲಿನಲ್ಲಿ, ಚೆಂಡು ಯಾವ ಕಡೆ ಹೋದರೆ ಇಡೀ ತಂಡ ಆ ಕಡೆಗೇ ಜರುಗಬೇಕು. ಇಟಲಿಯ ಕೋಚ್ ಸಾಕಿ ಎಸಿ ಮಿಲಾನ್ ಕ್ಲಬ್ಬಿಗೆ ಕಲಿಸಿದ ಪಾಠ ಅದು. ಚೆಂಡೇ ಇಲ್ಲದೆ ಗಂಟೆಗಟ್ಟಲೆ ಬರೀ ಜರುಗುವುದನ್ನೇ ಅಭ್ಯಾಸ ಮಾಡಿಸುತ್ತಿದ್ದರು. ಆಟಗಾರರಿಗೆ ಬೇಜಾರಾಗಿರಲೇಬೇಕು. ಆದರೆ ತಂಡ ಉಳಿಯಿತು. ಆಟಗಾರರು ಅಷ್ಟೇನೂ ಚೆನ್ನಾಗಿಲ್ಲದಿದ್ದರೂ ಯೋಚನೆ ಚೆನ್ನಾಗಿದ್ದರೆ ತಂಡ ಗೆಲ್ಲಬಹುದು ಅಂತ ಕ್ಲಾಪ್‌ಗೆ ಹೊಳೆದದ್ದು ಅಲ್ಲೇ. ನಿನ್ನ ಕೋಚ್ ಸುಮ್ನೆ ಓಡಿಸ್ತಾರೆ ಅಂತ ನೀನು ಎರಡು ವರ್ಷ ಬೈದುಕೊಂಡೆಯಲ್ಲ, ಅವರು ಯಾಕೆ ಓಡಿಸುತ್ತಿದ್ದರು ಅಂತ ಒಂದು ದಿನವಾದರೂ ಕೇಳಿದ್ದೀಯಾ? ಈಗಲೂ ಕೇಳಬಹುದು. ಹೋಗಿ ಕೇಳು.

2001ರ ಫೆಬ್ರವರಿ. ಮೈಂಜ್ ಮತ್ತೆ ಮೂರನೇ ಡಿವಿಷನ್ನಿಗೆ ಬೀಳುವ ಹಾಗಿತ್ತು. ಊರೆಲ್ಲ ಕಾರ್ನಿವಲ್ ಹಬ್ಬದ ಗದ್ದಲ. ಕ್ಲಬ್ಬಿನ ಮ್ಯಾನೇಜರ್ ಕ್ರಿಶ್ಚಿಯನ್ ಹೈಡೆಲ್ ಕೋಚನ್ನು ತೆಗೆದು, ಮೂವತ್ತಮೂರು ವರ್ಷದ ಡಿಫೆಂಡರ್ ಕ್ಲಾಪ್‌ನನ್ನು ಆ ಜಾಗದಲ್ಲಿ ಕೂರಿಸಿದ. ಹಿಂದಿನ ವಾರ ಜೊತೆಯಲ್ಲಿ ಬಟ್ಟೆ ಬದಲಿಸುತ್ತಿದ್ದ ಗೆಳೆಯರಿಗೆ ಈ ವಾರ ಕೋಚ್. ಆತ ಫ್ರಾಂಕ್ ಕಲಿಸಿದ ಆಟವನ್ನೇ ಮತ್ತೆ ತಂದ. ಡ್ಯೂಸ್‌ಬರ್ಗ್ ವಿರುದ್ಧ ಮೊದಲ ಪಂದ್ಯ 1-0 ಗೆಲುವು. ಮೊದಲ ಏಳರಲ್ಲಿ ಆರು ಗೆದ್ದರು. ತಂಡ ಉಳಿಯಿತು.

ಇಲ್ಲಿಂದ ಮುಂದಿನದ್ದನ್ನು ನಿಧಾನವಾಗಿ ಓದು. ನಾನು ಇಷ್ಟೆಲ್ಲ ಬರೆಯಲು ಹೊರಟದ್ದೇ ಇದಕ್ಕಾಗಿ.

2002ರಲ್ಲಿ ಕೊನೆಯ ದಿನ ಒಂದು ಡ್ರಾ ಸಿಕ್ಕಿದ್ದರೂ ಮೈಂಜ್ ಒಂದನೇ ಡಿವಿಷನ್ನಿಗೆ ಹೋಗುತ್ತಿತ್ತು. ಬರ್ಲಿನ್‌ನಲ್ಲಿ ಯೂನಿಯನ್ ತಂಡದ ವಿರುದ್ಧ 3-1 ಸೋತರು. 64 ಪಾಯಿಂಟ್ ಇದ್ದೂ ನಾಲ್ಕನೇ ಸ್ಥಾನ. ಆಗ ಮೇಲೆ ಹೋಗುತ್ತಿದ್ದದ್ದು ಮೂರೇ ತಂಡ. 2003ರಲ್ಲಿ ಕೊನೆಯ ದಿನ ಬ್ರೌನ್‌ಶ್ವೈಗ್‌ನಲ್ಲಿ 4-1 ಗೆದ್ದರು. ಆದರೆ ಫ್ರಾಂಕ್‌ಫರ್ಟ್‌ನಲ್ಲಿ ಪಂದ್ಯ ಇನ್ನೂ ಮುಗಿದಿರಲಿಲ್ಲ. ಅಲ್ಲಿ ಹೆಚ್ಚುವರಿ ನಿಮಿಷಗಳಲ್ಲಿ, ಅದೇ ಮೂರನೇ ಸ್ಥಾನಕ್ಕೆ ಪೈಪೋಟಿಯಲ್ಲಿದ್ದ ಐನ್‌ಟ್ರಾಕ್ಟ್ ತಂಡ ಆರನೇ ಗೋಲು ಹೊಡೆಯಿತು. ಇಬ್ಬರಿಗೂ 62 ಪಾಯಿಂಟ್. ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲು ಕಳೆಯುವ ಲೆಕ್ಕದಲ್ಲಿ ಮೈಂಜ್‌ಗೆ ಒಂದೇ ಒಂದು ಗೋಲು ಕಡಿಮೆ. ಮತ್ತೆ ನಾಲ್ಕನೇ ಸ್ಥಾನ.

ಎರಡು ವರ್ಷ, ಎರಡೂ ಸಲ ಕೊನೆಯ ದಿನ. ನಾನಾಗಿದ್ದರೆ ಊರಿಗೆ ಮುಖ ತೋರಿಸುತ್ತಿರಲಿಲ್ಲವೇನೋ. ಆ ಮನುಷ್ಯ ಮೂರನೇ ವರ್ಷ ಅದೇ ಹುಡುಗರನ್ನು ಕರೆದುಕೊಂಡು ಮತ್ತೆ ಮೈದಾನಕ್ಕೆ ಬಂದ. 2004ರಲ್ಲಿ ಅವರಿಗೆ ಸಿಕ್ಕಿದ್ದು ಬರೀ 54 ಪಾಯಿಂಟ್. ಮೊದಲಿಗಿಂತ ಹತ್ತು ಕಡಿಮೆ. ಆ ವರ್ಷ ಅಷ್ಟೇ ಸಾಕಾಯಿತು. ನಾಲ್ಕನೇ ತಂಡಕ್ಕೂ 54, ಈ ಸಲ ಗೋಲಿನ ಲೆಕ್ಕ ಮೈಂಜ್ ಕಡೆಗಿತ್ತು. ಆ ಕ್ಲಬ್ ಮೊದಲ ಬಾರಿಗೆ ಒಂದನೇ ಡಿವಿಷನ್ನಿಗೆ ಹೋಯಿತು. ಮೂರು ವರ್ಷದಲ್ಲಿ ಎಲ್ಲಕ್ಕಿಂತ ಕಡಿಮೆ ಪಾಯಿಂಟ್ ತೆಗೆದ ವರ್ಷವೇ ಬಾಗಿಲು ತೆರೆಯಿತು. ಈ ಲೆಕ್ಕವನ್ನು ನಾನು ಎಷ್ಟು ಸಲ ನೋಡಿದ್ದೇನೋ! ಬಾಗಿಲು ತೆರೆದ ದಿನ ಆತ ಅಲ್ಲೇ ನಿಂತಿದ್ದ, ಬಿಟ್ಟು ಹೋಗಿರಲಿಲ್ಲ.

ಒಂದನೇ ಡಿವಿಷನ್ನಿನ ಮೊದಲ ಸೀಸನ್‌ಗೆ ಮುಂಚೆ ತಂಡವನ್ನು ಸ್ವೀಡನ್‌ನ ಒಂದು ಸರೋವರಕ್ಕೆ ಕರೆದುಕೊಂಡು ಹೋದ. ಐದು ದಿನ ಕರೆಂಟಿಲ್ಲ, ಊಟ ತಾವೇ ಹುಡುಕಿಕೊಳ್ಳಬೇಕು, ಚೆಂಡೂ ಇಲ್ಲ. ಮಳೆ ಬೇರೆ. ಆಟ ಬಿಟ್ಟು ಇದೇನು ಅಂತ ಕೇಳಿದವರೂ ಇದ್ದರು. ಆತನಿಗೆ ಬೇಕಾಗಿದ್ದದ್ದು ಒಬ್ಬರಿಗೊಬ್ಬರು ಆಗುವ ತಂಡ.

2007ರಲ್ಲಿ ಮೈಂಜ್ ಮತ್ತೆ ಕೆಳಗೆ ಬಿತ್ತು. ಮರುವರ್ಷ ಮೇಲೆ ತರಲಾಗಲಿಲ್ಲ, ಆತ ಹೊರಟ. ಆಮೇಲೆ ಆತ ಕೋಚ್ ಆದ ಡಾರ್ಟ್ಮಂಡ್, ಲಿವರ್‌ಪೂಲ್ ಕ್ಲಬ್ಬುಗಳ ಕಥೆ ನಿನಗೆ ಬಾಯಿಪಾಠ. ಹದಿಮೂರನೇ ಸ್ಥಾನದಲ್ಲಿದ್ದ ಡಾರ್ಟ್ಮಂಡ್ 2011 ಮತ್ತು 2012ರಲ್ಲಿ ಚಾಂಪಿಯನ್ ಆಯಿತು. ಚೆಂಡು ಕಳೆದುಕೊಂಡ ಕ್ಷಣದಲ್ಲೇ ಎದುರಾಳಿಯ ಮೇಲೆ ಬಿದ್ದು ಕಸಿದುಕೊಳ್ಳುವ ಗೆಗೆನ್‌ಪ್ರೆಸಿಂಗ್ ಆಟ ಮನೆಮಾತಾಯಿತು. ಯೋಚನೆ ಮಾಡಿ ನೋಡು. ಚೆಂಡು ಕಸಿದುಕೊಂಡವನು ಆಗಷ್ಟೇ ತಲೆ ಎತ್ತುತ್ತಿರುತ್ತಾನೆ, ಅವನ ತಂಡ ಮುಂದೆ ಓಡಲು ಚದುರಿರುತ್ತದೆ. ಕಸಿಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಚೆಂಡು ಹೋಯಿತು ಅಂತ ಸೊಂಟದ ಮೇಲೆ ಕೈ ಇಟ್ಟು ನಿಲ್ಲುವ ಹುಡುಗನಿಗೆ ಈ ಆಟ ಬರುವುದಿಲ್ಲ. ನೀನು ಈಗ ಹಾಗೆ ನಿಂತಿದ್ದೀಯ ಪುಟ್ಟು. ಬೇಜಾರು ಮಾಡಿಕೊಳ್ಳಬೇಡ, ಪ್ರೀತಿ ಇರುವುದಕ್ಕೇ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ. 2013ರಿಂದ 2018ರವರೆಗೆ ಆತ ಸತತವಾಗಿ ಆರು ದೊಡ್ಡ ಫೈನಲ್ ಸೋತ. ಅದಾದ ಮೇಲೆಯೇ 2019ರಲ್ಲಿ ಲಿವರ್‌ಪೂಲ್ ಬಾರ್ಸಿಲೋನಾ ಹತ್ತಿರ 3-0 ಸೋತು, ವಾಪಸ್ ತಮ್ಮ ಮೈದಾನ ಆನ್‌ಫೀಲ್ಡ್‌ನಲ್ಲಿ ಮುಖ್ಯ ಫಾರ್ವರ್ಡ್‌ಗಳಾದ ಸಲಾ, ಫರ್ಮಿನೊ ಇಬ್ಬರೂ ಇಲ್ಲದೆ 4-0 ಗೆದ್ದದ್ದು, ಚಾಂಪಿಯನ್ಸ್ ಲೀಗ್ ಕಪ್ ಎತ್ತಿದ್ದು. ಆ 4-0 ರಾತ್ರಿ ಎರಡು ಗಂಟೆಗೆ ನೀನು ನನಗೆ ಫೋನ್ ಮಾಡಿ ಕಿರುಚಿದ್ದೆ. ಅತ್ತೆ ಹೆದರಿ ಎದ್ದು ಕೂತಿದ್ದಳು.

ನನ್ನದೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಜಿಲ್ಲೆಗೆ ಖೋಖೋ ಆಡುತ್ತಿದ್ದವನು. ಮೇಷ್ಟ್ರ ಕೆಲಸ ಸಿಕ್ಕಾಗ ಆಟ ಮುಗಿಯಿತು ಅಂತ ಎರಡು ವರ್ಷ ಮುಖ ಗಂಟು ಹಾಕಿಕೊಂಡೇ ಪಾಠ ಮಾಡಿದೆ. ಆ ಎರಡು ವರ್ಷದ ಹುಡುಗರಿಗೆ ನಾನು ಏನೂ ಕೊಡಲಿಲ್ಲ. ಅವರು ಎಲ್ಲಾದರೂ ಸಿಕ್ಕಿ ನಮಸ್ಕಾರ ಮಾಡಿದರೆ ಇವತ್ತಿಗೂ ನನ್ನ ತಲೆ ತಗ್ಗುತ್ತದೆ. ನೀನು ಹಾಗೆ ಮಾಡಬಾರದು. ಒಪ್ಪಿಕೊಂಡರೆ ಪೂರ್ತಿ ಮನಸ್ಸಿನಿಂದ ಒಪ್ಪಿಕೋ. ಇಲ್ಲವಾದರೆ ನೇರವಾಗಿ ಬೇಡ ಅನ್ನು, ಬೇರೆ ಕ್ಲಬ್ಬಿನ ಟ್ರಯಲ್ಸ್‌ಗೆ ಹೋಗು. ಅದಕ್ಕೂ ನನ್ನ ಒಪ್ಪಿಗೆ ಇದೆ. ಕೋಚಿಂಗ್ ಲೈಸೆನ್ಸ್ ಪರೀಕ್ಷೆಗೆ ದುಡ್ಡು ಬೇಕಾದರೆ ನಾನು ಕೊಡುತ್ತೇನೆ. ಅರ್ಧಕ್ಕೆ ಬಿಟ್ಟ ಡಿಗ್ರಿಯನ್ನೂ ಮುಗಿಸು. ಕ್ಲಾಪ್ ಆಡುತ್ತಲೇ ಡಿಪ್ಲೊಮಾ ಮುಗಿಸಿದ.

ಲಿವರ್‌ಪೂಲ್‌ಗೆ ಬಂದ ಹೊಸದರಲ್ಲಿ ಆತ ಅಡುಗೆಯವರಿಂದ ಹಿಡಿದು ತರಬೇತಿ ಮೈದಾನದಲ್ಲಿ ಕೆಲಸ ಮಾಡುವ ಎಲ್ಲರ ಹೆಸರು ಕಲಿತನಂತೆ, ಆಟಗಾರರಿಗೂ ಪರಿಚಯ ಮಾಡಿಸಿದನಂತೆ. ಕ್ಲಬ್ಬಿಗೆ ಉತ್ತರ ಕೊಡಲು ನಿನಗೆ ಇನ್ನೂ ಹತ್ತು ದಿನ ಇದೆ ಅಂದಳು ನಿಮ್ಮಮ್ಮ. ಶನಿವಾರ ಬೆಳಗಿನ ಬಸ್ಸಿಗೆ ಇಲ್ಲಿಗೆ ಬಾ, ಕೂತು ಮಾತಾಡೋಣ. ಅತ್ತೆ ಅಕ್ಕಿ ರೊಟ್ಟಿ ಮಾಡುತ್ತಾಳೆ. ಬರುವಾಗ ಆ ಹುಡುಗರ ಹೆಸರಿನ ಪಟ್ಟಿ ಕೇಳಿ ತಗೊಂಡು ಬಾ.

ಇಂತಿ,
ನಿನ್ನ ಮಾವ