ಉಳಿದ 17 ರೇಸ್ ಎಲ್ಲಿ? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮುಂದಿನ ಸೆಮಿಸ್ಟರ್‌ನಿಂದ ನಾಯಕತ್ವದ ಪೇಪರ್ ನಿನ್ನ ಪಾಲಿಗೆ ಬಂದಿದೆ ಅಂತ ಓದಿ ತುಂಬ ಖುಷಿಯಾಯಿತು. ಸಿಲಬಸ್ ಕಳಿಸಿದ್ದೀಯಲ್ಲ, ನೋಡಿದೆ. ನಾಯಕನ ಗುಣಗಳು, ನಾಯಕತ್ವದ ಶೈಲಿಗಳು, ಮಾತಿನ ಕಲೆ, ದೊಡ್ಡವರ ಜೀವನ ಚರಿತ್ರೆ. ನಿರ್ಧಾರ ತೆಗೆದುಕೊಳ್ಳುವುದು ಹೇಗೆ ಅನ್ನುವುದಕ್ಕೆ ಕೊನೆಯ ಯೂನಿಟ್‌ನಲ್ಲಿ ಸ್ವಲ್ಪ ಜಾಗ. ನನ್ನನ್ನು ಕೇಳಿದರೆ ಇದನ್ನು ತಲೆಕೆಳಗು ಮಾಡಬೇಕು ಕಣೋ. ಮೊದಲ ದಿನದಿಂದಲೇ ಹುಡುಗರ ಕೈಯಲ್ಲಿ ತೀರ್ಮಾನ ಮಾಡಿಸು. ನಾಯಕತ್ವದ ಮಾತು ಅದರ ಬೆನ್ನಿಗೇ ಬರುತ್ತದೆ. ಗುಣಗಳ ಪಟ್ಟಿ ಬಾಯಿಪಾಠ ಮಾಡಿ ಯಾರಾದರೂ ನಾಯಕರಾಗಿದ್ದನ್ನು ನಾನಂತೂ ನೋಡಿಲ್ಲ.

ನಾನು ಮೊದಲ ವಾರವೇ ಮಾಡಿಸುವುದು ಒಂದು ಕಾರ್ ರೇಸಿನ ಕೇಸ್. ಬಿಸಿನೆಸ್ ಸ್ಕೂಲುಗಳಲ್ಲಿ 1980ರ ದಶಕದಿಂದ ಬಳಕೆಯಲ್ಲಿದೆ. ಒಂದು ರೇಸಿಂಗ್ ತಂಡ ಈ ಸೀಸನ್ನಿನಲ್ಲಿ 24 ರೇಸ್ ಓಡಿದೆ. ಏಳರಲ್ಲಿ ಇಂಜಿನ್ನಿನ ಗ್ಯಾಸ್ಕೆಟ್, ಅಂದರೆ ಭಾಗಗಳ ನಡುವೆ ಸೋರದಂತೆ ಕೂರಿಸುವ ಪದರ, ಹೋಗಿದೆ. ಇವತ್ತಿನ ರೇಸ್ ಟಿವಿಯಲ್ಲಿ ಬರುತ್ತದೆ. ಚೆನ್ನಾಗಿ ಓಡಿದರೆ ದೊಡ್ಡ ಪ್ರಾಯೋಜಕರು ಸಿಗುತ್ತಾರೆ, ಇಂಜಿನ್ ಹೋದರೆ ಇರುವವರೂ ಕೈಬಿಡುತ್ತಾರೆ. ಬೆಳಗ್ಗೆ ವಿಪರೀತ ಚಳಿ. ಚಳಿಗೇ ಗ್ಯಾಸ್ಕೆಟ್ ಹೋಗುತ್ತಿದೆ ಅಂತ ಮೆಕ್ಯಾನಿಕ್‌ಗೆ ಅನುಮಾನ, ಇಂಜಿನ್ ನೋಡಿಕೊಳ್ಳುವವನು ಒಪ್ಪುವುದಿಲ್ಲ. ಕೆಟ್ಟುಹೋದ ಏಳು ರೇಸುಗಳ ಗ್ರಾಫ್ ಕೈಯಲ್ಲಿದೆ. ನೋಡಿದರೆ ಚಳಿಯಲ್ಲೂ ಕೆಟ್ಟಿದೆ, ಸೆಕೆಯಲ್ಲೂ ಕೆಟ್ಟಿದೆ. ಈಗ ಓಡಿಸಬೇಕೋ ಬೇಡವೋ? ಬೇರೆ ಏನಾದರೂ ಮಾಹಿತಿ ಬೇಕಿದ್ದರೆ ನನ್ನನ್ನು ಕೇಳಿ ಅಂತ ಮೊದಲೇ ಹೇಳಿರುತ್ತೇನೆ.

ಹೆಚ್ಚಿನ ಗುಂಪುಗಳು ಓಡಿಸೋಣ ಅನ್ನುತ್ತವೆ. ಲೆಕ್ಕ ಚೆನ್ನಾಗಿಯೇ ಹಾಕುತ್ತಾರೆ. 24ರಲ್ಲಿ ಏಳು ಅಂದರೆ ಶೇಕಡಾ ಎಷ್ಟು, ಗೆದ್ದರೆ ಎಷ್ಟು ಲಾಭ, ಬಿಟ್ಟರೆ ಎಷ್ಟು ನಷ್ಟ, ಎಲ್ಲ ಬೋರ್ಡಿನ ಮೇಲೆ ಬರುತ್ತದೆ. ಗ್ಯಾಸ್ಕೆಟ್ ಕೆಡದೇ ಇದ್ದ 17 ರೇಸುಗಳ ದಿನ ಹವೆ ಹೇಗಿತ್ತು ಅಂತ ಕೇಳುವವರು ತೀರಾ ಕಮ್ಮಿ. ಕೇಳಿದರೆ ಅಂಕಿ ಕೊಡುತ್ತೇನೆ. ಆ 17 ಚುಕ್ಕೆಗಳನ್ನೂ ಅದೇ ಗ್ರಾಫಿನಲ್ಲಿ ಇಟ್ಟರೆ ಚಿತ್ರವೇ ಬದಲಾಗುತ್ತದೆ. ಕೆಡದ ರೇಸುಗಳೆಲ್ಲ ಬೆಚ್ಚಗಿನ ದಿನಗಳವು. ಇವತ್ತಿನ ಚಳಿಗೆ ಇಂಜಿನ್ ಉಳಿಯುವ ಸಂಭವ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಒಂದು ಬ್ಯಾಚಿನಲ್ಲಿ ನಡೆದದ್ದನ್ನು ನಿನಗೆ ಹೇಳಲೇಬೇಕು. ಕಿಟಕಿ ಪಕ್ಕದ ಗುಂಪಿನಲ್ಲಿ ಒಬ್ಬಳು ಹುಡುಗಿ, ಜಾಸ್ತಿ ಮಾತಾಡುವವಳಲ್ಲ. ಗ್ರಾಫಿನ ಮೇಲೆ ಪೆನ್ಸಿಲ್ ಊರಿಕೊಂಡು "ಉಳಿದ ರೇಸ್ ಎಲ್ಲಿ?" ಅಂದಳು. ಗುಂಪು ನಡೆಸುತ್ತಿದ್ದ ಹುಡುಗ ಚುರುಕಾದವನು, ಎಲ್ಲರ ಮಾತನ್ನೂ ನೀಟಾಗಿ ಹಾಳೆಗೆ ಇಳಿಸುತ್ತಿದ್ದ. "ಅವುಗಳಲ್ಲಿ ಏನೂ ಕೆಟ್ಟಿಲ್ವಲ್ಲ, ಅದ್ಯಾಕೆ?" ಅಂದ. ದನಿಯಲ್ಲಿ ಒರಟುತನ ಏನೂ ಇರಲಿಲ್ಲ. ಅವಳು "ಹೌದಲ್ವಾ" ಅಂದು ಸುಮ್ಮನಾದಳು. ಪೆನ್ಸಿಲ್ ಮಾತ್ರ ಇನ್ನೂ ಗ್ರಾಫಿನ ಖಾಲಿ ಜಾಗದಲ್ಲೇ ಓಡಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಓಡಿಸುವುದು ಅಂತ ತೀರ್ಮಾನವಾಯಿತು. ಅವಳೂ ಕೈ ಎತ್ತಿದಳು.

ಆಮೇಲೆ ನಾನು ಹೇಳುವುದು ಇದು. ಈ ರೇಸ್ ನಿಜವಾಗಿ ನಡೆದಿಲ್ಲ, ಇದರ ಹಿಂದಿನ ಕಥೆ ನಡೆದಿದೆ. 1986ರ ಜನವರಿ 28ರಂದು ಅಮೆರಿಕದ ನಾಸಾ ಸಂಸ್ಥೆಯ ಚಾಲೆಂಜರ್ ಬಾಹ್ಯಾಕಾಶ ನೌಕೆ ಮೇಲೆದ್ದ 73 ಸೆಕೆಂಡಿಗೆ ಒಡೆದುಹೋಯಿತು. ಏಳು ಜನ ಗಗನಯಾತ್ರಿಗಳು ಸತ್ತರು. ನೌಕೆಯನ್ನು ಮೇಲೊಯ್ಯುವ ರಾಕೆಟ್ಟಿನ ಭಾಗಗಳು ಕೂಡುವ ಕಡೆ ಇರುವ ರಬ್ಬರಿನ ಓ-ರಿಂಗ್ ಚಳಿಗೆ ಗಟ್ಟಿಯಾಗಿ, ಬಿಸಿ ಅನಿಲವನ್ನು ತಡೆಯಲಿಲ್ಲ. ಅದುವರೆಗೆ 24 ಹಾರಾಟಗಳಾಗಿದ್ದವು. ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದ ನಾಲ್ಕು ಹಾರಾಟಗಳಲ್ಲೂ ಆ ರಿಂಗುಗಳಿಗೆ ಹಾನಿಯಾಗಿತ್ತು. ಅದಕ್ಕಿಂತ ಬೆಚ್ಚಗಿದ್ದವುಗಳಲ್ಲಿ ಹಾನಿಯಾದದ್ದು ಮೂರರಲ್ಲಿ ಮಾತ್ರ. ಉಡಾವಣೆಯ ಹಿಂದಿನ ರಾತ್ರಿ ಇವನ್ನೆಲ್ಲ ಉಷ್ಣತೆಯ ಪ್ರಕಾರ ಒಂದೇ ಗ್ರಾಫಿನಲ್ಲಿ ಇಟ್ಟು ಯಾರೂ ನೋಡಿರಲಿಲ್ಲ.

ಕ್ಲಾಸು ಒಂದು ಕ್ಷಣ ತಣ್ಣಗಾಗುತ್ತದೆ. ಆದರೆ ಅಲ್ಲಿಗೇ ನಿಲ್ಲಿಸಬೇಡ. ಆ ರಾತ್ರಿಯ ಫೋನ್ ಸಭೆಯ ಕಥೆಯನ್ನೂ ಹೇಳು. ರಾಕೆಟ್ ತಯಾರಿಸಿದ ಥಿಯೋಕೋಲ್ ಕಂಪನಿಯ ಇಂಜಿನಿಯರುಗಳು ಹಾರಿಸಬೇಡಿ ಅಂತಲೇ ಹೇಳಿದ್ದರು. ಅದುವರೆಗಿನ ಅತಿ ತಣ್ಣನೆಯ ಉಡಾವಣೆ ಸುಮಾರು 12 ಡಿಗ್ರಿಯಲ್ಲಾಗಿತ್ತು, ಅದಕ್ಕಿಂತ ಕೆಳಗೆ ಬೇಡ ಅನ್ನುವುದು ಅವರ ಮಾತು. ನಾಸಾ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ಕಂಪನಿಯವರು ಫೋನ್ ಮ್ಯೂಟ್ ಮಾಡಿ ತಮ್ಮೊಳಗೆ ಮಾತಾಡಿಕೊಂಡರು. ಇಂಜಿನಿಯರಿಂಗ್ ಮುಖ್ಯಸ್ಥನಿಗೆ ಮೇಲಿನವನು, ಈಗ ಇಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೋ ಅಂದ. ನಾಲ್ಕು ಜನ ಮ್ಯಾನೇಜರುಗಳು ಸೇರಿ ತೀರ್ಮಾನ ಬದಲಾಯಿಸಿದರು. ಇಂಜಿನಿಯರುಗಳ ಮತ ಯಾರೂ ಕೇಳಲಿಲ್ಲ.

ಇದನ್ನು ಕೇಳಿದ ಮೇಲೆ ಆ ಹುಡುಗ ಎದ್ದು ನಿಂತು, "ಅವಳು ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕಿತ್ತು ಸರ್" ಅಂದ. ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು. ನಾನು ಕೇಳಿದೆ, ಇನ್ನೊಂದು ಸಲ ಹೇಳುವ ಹೊರೆ ಅವಳ ಮೇಲೆ ಯಾಕಪ್ಪಾ, ಗುಂಪು ನಡೆಸುತ್ತಿದ್ದವನು ನೀನಲ್ವಾ? ಉಳಿದ ಅವಧಿಯೆಲ್ಲ ಇದೇ ಚರ್ಚೆ. ಧೈರ್ಯವಾಗಿ ಮಾತಾಡಿ ಅಂತ ಹುಡುಗರಿಗೆ ನಾವು ಬೇಕಾದಷ್ಟು ಹೇಳುತ್ತೇವೆ. ಮೆಲ್ಲಗೆ ಬಂದ ಪ್ರಶ್ನೆಯನ್ನು ಹಿಡಿದು ನಿಲ್ಲಿಸುವುದು ಹೇಗೆ ಅಂತ ಕಲಿಸುವುದೇ ಇಲ್ಲ. ಈ ಪೇಪರ್‌ನಲ್ಲಿ ಒಂದೇ ಒಂದು ವಿಷಯ ಕಲಿಸಲು ಸಮಯವಿದೆ ಅಂದರೆ ನಾನು ಅದನ್ನೇ ಕಲಿಸುತ್ತೇನೆ.

ಅದಕ್ಕೆ ಅಭ್ಯಾಸ ಬೇಕು. ಪ್ರತಿ ಗುಂಪಿನಲ್ಲೂ ಒಬ್ಬರಿಗೆ ಒಂದು ಕೆಲಸ ಹಚ್ಚುತ್ತೇನೆ: ಯಾರಾದರೂ ಒಂಟಿಯಾಗಿ ಒಂದು ಪ್ರಶ್ನೆ ಕೇಳಿದರೆ "ಅವರು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ" ಅಂತ ಹೇಳುವುದು. ಅಷ್ಟೇ. ಒಪ್ಪಬೇಕಾಗಿಲ್ಲ, ವಾದ ಮಾಡಬೇಕಾಗಿಲ್ಲ. ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗ ನಿನಗೆ ಗೊತ್ತಲ್ಲ. ಯಾವ ಗೆರೆ ಎಷ್ಟು ಉದ್ದ ಅನ್ನುವ ಸುಲಭದ ಪ್ರಶ್ನೆಗೆ ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಕಣ್ಣಾರೆ ಕಂಡದ್ದನ್ನು ಬಿಟ್ಟು ತಾವೂ ತಪ್ಪು ಹೇಳಿದವರು ಬಹಳ. ಆದರೆ ಕೋಣೆಯಲ್ಲಿ ಇನ್ನೊಬ್ಬ ಸರಿಯಾದ ಉತ್ತರ ಹೇಳಿದರೆ ಸಾಕು, ಈ ವಾಲುವಿಕೆ ತುಂಬ ಕಡಿಮೆಯಾಗುತ್ತಿತ್ತು. ಒಬ್ಬರ ಜೊತೆ ಇನ್ನೊಬ್ಬರು ಅಷ್ಟೊಂದು ಬದಲಾವಣೆ ತರುತ್ತಾರೆ. ಕೆಲವು ವಾರ ಕಳೆದರೆ ಆ ಕೆಲಸ ಹಚ್ಚದವರೂ ಅದನ್ನು ಮಾಡತೊಡಗುತ್ತಾರೆ. ಅದನ್ನು ನೋಡುವುದೇ ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಸಂತೋಷ.

ಇನ್ನೊಂದು ನಿಯಮ: ಗುಂಪಿನ ಮುಂದಾಳು ಕೊನೆಗೆ ಮಾತಾಡಬೇಕು. ಚರ್ಚೆ ಶುರುವಾಗುವ ಮೊದಲೇ ಎಲ್ಲರೂ ತಮ್ಮ ಅಭಿಪ್ರಾಯ ಚೀಟಿಯಲ್ಲಿ ಬರೆದಿಡಬೇಕು. 1961ರ ಏಪ್ರಿಲ್‌ನಲ್ಲಿ ಕ್ಯೂಬಾದ ಮೇಲೆ ಅಮೆರಿಕ ಮಾಡಿಸಿದ ಬೇ ಆಫ್ ಪಿಗ್ಸ್ ದಾಳಿ ಮಣ್ಣುಪಾಲಾದ ಮೇಲೆ ಅಮೆರಿಕದ ಅಧ್ಯಕ್ಷ ಕೆನಡಿ ತನ್ನ ಸಭೆಗಳ ರೀತಿಯನ್ನೇ ಬದಲಾಯಿಸಿದ. ಮರುವರ್ಷ ಅಕ್ಟೋಬರ್‌ನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳ ಬಿಕ್ಕಟ್ಟು ಬಂದಾಗ ಕೆಲವು ಸಭೆಗಳಿಂದ ತಾನೇ ದೂರ ಉಳಿದ. ಅಧ್ಯಕ್ಷ ಎದುರಿಗಿದ್ದರೆ ಜನ ಅವನ ಮುಖ ನೋಡಿ ಮಾತಾಡುತ್ತಾರೆ, ಅದಕ್ಕೆ. ಹೆಚ್ಚುಕಡಿಮೆ ಅದೇ ಜನ ಸೇರಿ ಎರಡು ವರ್ಷದೊಳಗೆ ಒಂದು ತೀರಾ ಕೆಟ್ಟ ತೀರ್ಮಾನವನ್ನೂ ಒಂದು ಒಳ್ಳೆಯ ತೀರ್ಮಾನವನ್ನೂ ಮಾಡಿದರು. ಬುದ್ಧಿವಂತರನ್ನು ಸೇರಿಸಿದರೆ ಸಾಕು ಅಂದುಕೊಂಡಿರುವ ಹುಡುಗರಿಗೆ ಈ ಎರಡು ಕಥೆಗಳನ್ನು ಒಟ್ಟಿಗೇ ಹೇಳು.

ಈಗ ಮಾರ್ಕ್ಸ್ ವಿಷಯ. ಇಲ್ಲಿ ನೀನು ಗಟ್ಟಿಯಾಗಿ ನಿಲ್ಲಬೇಕು. ಫಲಿತಾಂಶ ನೋಡಿ ಮಾರ್ಕ್ಸ್ ಕೊಡಬೇಡ. ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷಿ 1988ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ವೈದ್ಯರೊಬ್ಬರು ಅಪಾಯ ತೂಗಿ ನೋಡಿ ರೋಗಿಗೆ ಹೃದಯದ ಆಪರೇಷನ್ ಮಾಡುತ್ತಾರೆ. ವಿವರವೆಲ್ಲ ಒಂದೇ. ಒಂದು ಕಡೆ ರೋಗಿ ಬದುಕಿದ, ಇನ್ನೊಂದು ಕಡೆ ಸತ್ತ ಅಂತ ಬರೆದಿದೆ. ಸತ್ತ ಅಂತ ಓದಿದಾಗ ಜನ ಅದೇ ತೀರ್ಮಾನಕ್ಕೆ ಕಡಿಮೆ ಅಂಕ ಕೊಟ್ಟರು. ನಮ್ಮ ಹುಡುಗರೂ ಹಾಗೇ. ಓದದೇ ಪಾಸಾದವನ ತೀರ್ಮಾನ ಸರಿ, ಯೋಚಿಸಿ ಕೆಲಸ ಬದಲಿಸಿ ಆ ಕಂಪನಿ ಮುಚ್ಚಿಹೋದವಳ ತೀರ್ಮಾನ ತಪ್ಪು ಅಂದುಬಿಡುತ್ತಾರೆ.

ಅದಕ್ಕೇ ನೋಟ್‌ಬುಕ್ ಇಡಿಸು. ಸ್ವಂತ ಬದುಕಿನ ನಿಜವಾದ ತೀರ್ಮಾನಗಳು: ಯಾವ ಇಂಟರ್ನ್‌ಶಿಪ್, ಪ್ರಾಜೆಕ್ಟಿಗೆ ಯಾರ ಜೊತೆ ಸೇರಬೇಕು, ಮುಂದೆ ಓದುವುದೋ ಕೆಲಸಕ್ಕೆ ಹೋಗುವುದೋ. ಏನಾಯಿತು ಅಂತ ಗೊತ್ತಾಗುವ ಮೊದಲೇ ತಾರೀಕು ಹಾಕಿ ಬರೆಯಬೇಕು. ಮುಂದೆ ಏನೇನು ದಾರಿಗಳಿದ್ದವು, ಯಾವುದನ್ನು ಯಾಕೆ ಬಿಟ್ಟೆ, ಏನು ಗೊತ್ತಿಲ್ಲ, ಯಾವ ಸುದ್ದಿ ಬಂದರೆ ಮನಸ್ಸು ಬದಲಾಯಿಸುತ್ತೇನೆ. ಈ ಕೊನೆಯದನ್ನು ಬರೆಯಲು ಹುಡುಗರು ತುಂಬ ಒದ್ದಾಡುತ್ತಾರೆ. ಒದ್ದಾಡಲಿ ಬಿಡು, ನೀನು ಉತ್ತರ ಹೇಳಿಕೊಡಬೇಡ.

ಹೇಳಿಕೊಡು ಅಂತ ಬಂದೇ ಬರುತ್ತಾರೆ. "ಸರ್, ನಾನು ಏನು ಮಾಡಲಿ?" ಅಂತ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುತ್ತಾರೆ. ಆಗ ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ಬರೆದ ಪತ್ರ ನೆನಪಿಸಿಕೋ. ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಒಂದು ಹೊಸ ಕೆಲಸ ಒಪ್ಪಿಕೊಳ್ಳಲೋ ಬೇಡವೋ ಅಂತ ಕೇಳಿದ್ದ. ಫ್ರಾಂಕ್ಲಿನ್ ಉತ್ತರ: ಪೂರ್ತಿ ವಿವರ ನನಗೆ ಗೊತ್ತಿಲ್ಲ, ಹಾಗಾಗಿ ಏನು ತೀರ್ಮಾನಿಸಬೇಕು ಅಂತ ಹೇಳಲಾರೆ, ಹೇಗೆ ಅಂತ ಬೇಕಾದರೆ ಹೇಳುತ್ತೇನೆ. ಹಾಳೆಯ ನಡುವೆ ಗೆರೆ ಎಳೆದು, ಮೂರು ನಾಲ್ಕು ದಿನ ತೋಚಿದಾಗಲೆಲ್ಲ ಪರ ಒಂದು ಕಡೆ, ವಿರೋಧ ಇನ್ನೊಂದು ಕಡೆ ಬರೆದು, ಸರಿಸಮ ತೂಕದವನ್ನು ಹೊಡೆದುಹಾಕುತ್ತ ಬರುವ ವಿಧಾನ ಅದು. ಆ ದಿನಗಳ ಬಿಡುವು ಇದೆಯಲ್ಲ, ಎರಡು ಪಟ್ಟಿಗಿಂತ ಅದೇ ನನಗೆ ಮುಖ್ಯ ಅನ್ನಿಸುತ್ತದೆ. ಮೊದಲ ದಿನ ಮನಸ್ಸಿನಲ್ಲಿ ಒಂದೇ ಕಡೆಯ ಕಾರಣಗಳು ಕೂಗುತ್ತಿರುತ್ತವೆ.

ಗುಂಪಿನ ಯೋಜನೆಗಳಿಗೆ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳಿಕೊಟ್ಟ ಒಂದು ಸಣ್ಣ ಅಭ್ಯಾಸವೂ ಚೆನ್ನಾಗಿದೆ. ಕೆಲಸ ಶುರುವಾಗುವ ಮೊದಲೇ, ಇದು ಪೂರ್ತಿ ಹಾಳಾಗಿಹೋಗಿದೆ ಅಂದುಕೊಂಡು ಯಾಕೆ ಹಾಳಾಯಿತು ಅಂತ ಎಲ್ಲರೂ ಬರೆಯುವುದು. ಹತ್ತು ನಿಮಿಷ ಸಾಕು.

ಸಿಲಬಸ್‌ನಲ್ಲಿರುವ ಜೀವನ ಚರಿತ್ರೆಗಳಿಗೆ ಬಂದಾಗ ಸತೀಶ್ ಧವನ್ ಅವರನ್ನು ಬಿಡಬೇಡ. 1979ರ ಆಗಸ್ಟ್ 10ರಂದು ಉಪಗ್ರಹ ಒಯ್ಯುವ ನಮ್ಮ ರಾಕೆಟ್ ಎಸ್‌ಎಲ್‌ವಿ-3ರ ಮೊದಲ ಉಡಾವಣೆ ವಿಫಲವಾಗಿ ರಾಕೆಟ್ ಸಮುದ್ರಕ್ಕೆ ಬಿತ್ತು. ಕಂಪ್ಯೂಟರ್ ತಡೆ ಹಿಡಿದಿದ್ದರೂ ಮುಂದುವರಿಸಿದ್ದು ತಾನೇ ಅಂತ ಆ ಯೋಜನೆಯ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. ಆ ದಿನ ಪತ್ರಕರ್ತರ ಮುಂದೆ ಕೂತು ಹೊಣೆ ಹೊತ್ತದ್ದು ಇಸ್ರೋ ಅಧ್ಯಕ್ಷ ಧವನ್. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನೇ ಕಳಿಸಿದರು. ಹುಡುಗರು ಇದನ್ನು ಧವನ್ ಅವರ ದೊಡ್ಡ ಮನಸ್ಸಿನ ಕಥೆ ಅಂತ ಕೇಳುತ್ತಾರೆ, ಅದು ನಿಜವೇ. ನೀನು ಅವರನ್ನು ಇನ್ನೊಂದು ಪ್ರಶ್ನೆ ಕೇಳು: ಸೋತ ಆ ದಿನ ಕಲಾಂ ಅವರನ್ನು ಮುಂದೆ ತಳ್ಳಿದ್ದರೆ, ಮುಂದಿನ ವರ್ಷ ಆ ತಂಡದಲ್ಲಿ ತನ್ನ ಅನುಮಾನವನ್ನು ಬಾಯಿಬಿಟ್ಟು ಹೇಳುವವರು ಎಷ್ಟು ಜನ ಉಳಿಯುತ್ತಿದ್ದರು?

ಒಂದು ವಿಷಯದಲ್ಲಿ ನಿನ್ನ ಅಭಿಪ್ರಾಯ ಬೇಕು. ಗುಂಪಿಗೆಲ್ಲ ಒಂದೇ ಮಾರ್ಕ್ಸ್ ಕೊಟ್ಟರೆ ಪ್ರಶ್ನೆ ಕೇಳಿದವರಿಗೂ ಅದನ್ನು ತಳ್ಳಿಹಾಕಿದವರಿಗೂ ಒಂದೇ ಆಗುತ್ತದೆ. ಬೇರೆ ಬೇರೆ ಕೊಟ್ಟರೆ, ಮಾರ್ಕ್ಸಿಗಾಗಿಯೇ ಎಲ್ಲದಕ್ಕೂ ಅಡ್ಡ ಪ್ರಶ್ನೆ ಹಾಕುವವರು ಹುಟ್ಟಿಕೊಳ್ಳುತ್ತಾರೆ. ಸದ್ಯಕ್ಕೆ ಅರ್ಧ ಗುಂಪಿಗೆ, ಅರ್ಧ ನೋಟ್‌ಬುಕ್ಕಿಗೆ ಅಂತ ಇಟ್ಟುಕೊಂಡಿದ್ದೇನೆ. ಪೂರ್ತಿ ಸಮಾಧಾನವಿಲ್ಲ. ನಿನ್ನ ಇಂಟರ್ನಲ್ಸ್ ಹೇಗೆ ಹಂಚುತ್ತೀಯ ಅಂತ ಯೋಚಿಸಿ, ಸೆಮಿಸ್ಟರ್ ಶುರುವಾಗುವ ಮೊದಲೇ ಬರೆ.

ನಿನ್ನ ಗೆಳೆಯ